ವಾರಕ್ಕೆ ಐದು ದಿನದ ಬಾಡಿಗೆ ಮನೆ

ಓದುತ್ತಿರುವ ಎಲ್ಲರಿಗೂ ಹೊಸೂರು ಪಕ್ಕದ ಮತ್ತಿಗಿರಿಯವನ ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ತಪ್ಪುಗಳು ಇರುತ್ತವೆ, ಹೊಟ್ಟೆಗೆ ಹಾಕಿಕೊಳ್ಳಿ. ಐದನೇ ಕ್ಲಾಸಿಗೆ ಬಿಟ್ಟ ಕನ್ನಡ ಶಾಲೆಯನ್ನು ಮತ್ತೆ ಹಿಡಿದು ಹತ್ತನೇ ಕ್ಲಾಸು ಕಟ್ಟಿದಾಗ ನನಗೆ ಮೂವತ್ತನಾಲ್ಕು ವಯಸ್ಸು. ಪರೀಕ್ಷೆಯ ದಿನ ಬಾಗಿಲಲ್ಲಿ ನಿಂತಿದ್ದ ಮೇಷ್ಟ್ರು ನನ್ನನ್ನು ಯಾರೋ ಹುಡುಗನ ಅಪ್ಪ ಅಂದುಕೊಂಡು, "ಪೋಷಕರು ಹೊರಗಡೆ ಕೂತ್ಕೊಳ್ಳಿ" ಅಂದರು. ನಾನು ಹೂಂ ಅಂತ ಹೋಗಿ ಬೇವಿನ ಮರದ ಕೆಳಗೆ ಹತ್ತು ನಿಮಿಷ ಕೂತಿದ್ದೆ. ಆಮೇಲೆ ನೆನಪಾಯಿತು, ಬರೆಯಬೇಕಾದವನು ನಾನೇ ಅಂತ.

ಫೋನಿನಲ್ಲಿ ಒಂದೇ ಬೆರಳಲ್ಲಿ ಟೈಪ್ ಮಾಡುತ್ತೇನೆ. ಒಂದು ಒತ್ತಕ್ಷರ ಹುಡುಕುವಷ್ಟರಲ್ಲಿ ಹೇಳಬೇಕೆಂದಿದ್ದ ಮಾತು ಮರೆತು ಬೇರೆ ಮಾತು ಬಂದಿರುತ್ತದೆ. ಹಾಗಾಗಿ ನಾನು ಎಲ್ಲಿಂದ ಎಲ್ಲಿಗೋ ಹೋದರೆ ಬೆರಳನ್ನು ಬೈಯಿರಿ.

ಈವತ್ತು ಬರೆಯಲು ಕೂತದ್ದಕ್ಕೆ ಕಾರಣ ಒಂದು ಬೀಗದ ಕೈ. ಜೇಬಿನಲ್ಲಿ ಕನ್ನಡಕ ಹುಡುಕುತ್ತಿದ್ದಾಗ ಕೈಗೆ ಚುಚ್ಚಿತು. ಅದಕ್ಕೆ ಅಂಗೈ ಅಗಲದ ಮರದ ಮೀನು ಕಟ್ಟಿದೆ. ಲಾಡ್ಜುಗಳಲ್ಲಿ ಗಿರಾಕಿ ಮರೆತು ಬೀಗದ ಕೈ ಒಯ್ಯದಿರಲಿ ಅಂತ ಕಟ್ಟುತ್ತಾರಲ್ಲ, ಅಂಥದು. ಆದರೆ ಇದು ನಮ್ಮ ಸಂಸಾರದ ಮನೆಯ ಬೀಗದ ಕೈ. ಸಂಸಾರಸ್ಥನ ಜೇಬಿನಲ್ಲಿ ಮರದ ಮೀನು ಯಾಕಿದೆ ಅಂದರೆ, ಅದಕ್ಕೆ ನನಗಿರುವ ಒಂದು ಕಾಯಿಲೆಯೇ ಕಾರಣ. ಯಾರು ಏನು ಕೇಳಿದರೂ ನನ್ನ ತಲೆ ಹೂಂ ಅಂತ ತಾನೇ ಆಡಿಬಿಡುತ್ತದೆ.

ಹುಟ್ಟಿನಿಂದ ಬಂದದ್ದು. ಶಾಲೆಯಲ್ಲಿ ಮೇಷ್ಟ್ರು "ಅರ್ಥ ಆಯ್ತೇನೋ?" ಅಂದರೆ ತಲೆ ಆಡುತ್ತಿತ್ತು. ಏನೂ ಆಗಿರುತ್ತಿರಲಿಲ್ಲ. ಅದರಿಂದಲೇ ಹತ್ತನೇ ಕ್ಲಾಸಿಗೆ ಅಷ್ಟು ವರ್ಷ ಹಿಡಿದದ್ದು. ಮದುವೆಯ ಹಿಂದಿನ ದಿನ ಡೆಂಕಣಿಕೋಟೆಯಲ್ಲಿ ಕ್ಷೌರಕ್ಕೆ ಕೂತಿದ್ದೆ. ಅವನು ಕತ್ತಿ ಮಸೆಯುತ್ತಾ ಏನೋ ಕೇಳಿದ. ತಲೆ ಆಡಿತು. ಎರಡು ಎಳೆತಕ್ಕೆ, ಆರು ವರ್ಷ ಎಣ್ಣೆ ಹಚ್ಚಿ ಸಾಕಿದ್ದ ಮೀಸೆ ಮಡಿಲಿಗೆ ಬಿತ್ತು. ನನ್ನ ಹೆಂಡತಿ ರತ್ನ ನಮ್ಮ ಅಕ್ಕನ ಮಗಳೇ, ಚಿಕ್ಕಂದಿನಿಂದ ನನ್ನನ್ನು ಮಾವ ಅಂತಲೇ ಕರೆಯುವುದು. ಧಾರೆಯ ಹೊತ್ತಿಗೆ ತಲೆ ಎತ್ತಿ ನೋಡಿದವಳು ಮೆಲ್ಲಗೆ ಕೇಳಿದಳು:

"ಮಾವ, ಮೀಸೆ ಯಾರ್ಗ್ ಕೊಟ್ಬುಟ್ಟೆ?"

"ಕೇಳ್ದ, ಕೊಟ್ಟೆ."

"ತಾಳಿ ಕಟ್ಟಗಂಟ ಇನ್ಯಾರೂ ಏನೂ ಕೇಳ್ದಂಗೆ ನೋಡ್ಕಂಡಿರು."

ಇಂಥವನು ಸಮುದ್ರದ ದಂಡೆಗೆ ಹೋದದ್ದೂ ಹಾಗೆಯೇ. ಹೊಸೂರಿನಲ್ಲಿ ಒಂದು ಫ್ಯಾಕ್ಟರಿಯಲ್ಲಿ ಕಂಪ್ರೆಸರ್ ನೋಡಿಕೊಂಡಿದ್ದೆ. ಕಾಂಟ್ರಾಕ್ಟು ಮುಗಿಯುವ ಹೊತ್ತಿಗೆ ನಮ್ಮ ಸೂಪರ್‌ವೈಸರು, "ಕಡಲ ಕಡೆ ಒಂದು ರೆಸಾರ್ಟಿಗೆ ಪಂಪು, ಜನರೇಟರು ನೋಡೋ ಆಳು ಬೇಕಂತೆ, ಹೋಗ್ತೀಯಾ?" ಅಂದರು. ತಲೆ ಆಡಿತು. ಎಷ್ಟು ದೂರ ಅಂತ ಬಸ್ಸು ಹತ್ತಿದ ಮೇಲೆ ಕೇಳಿಕೊಂಡೆ.

ಊರಿನ ಹೆಸರು ಬೇಡ. ತಮಿಳುನಾಡಿನ ಮೂಡಣ ಕಡಲ ದಂಡೆಯಲ್ಲಿ ಇಂಥವು ಹತ್ತಾರಿವೆ. ಒಂದು ಕಡೆ ಮೀನುಗಾರರ ಬೀದಿ, ಇನ್ನೊಂದು ಕಡೆ ರೆಸಾರ್ಟುಗಳ ಕಾಂಪೌಂಡು, ನಡುವೆ ಟೀ ಅಂಗಡಿಗಳು. ಸೋಮವಾರದಿಂದ ಗುರುವಾರದವರೆಗೆ ಊರಿನಲ್ಲಿ ದೋಣಿಗಳು, ನಾಯಿಗಳು, ನಾವು. ಶುಕ್ರವಾರ ಸಂಜೆ ಆಯಿತೋ, ಎಲ್ಲಿಂದಲೋ ಕಾರುಗಳು ಬಂದು ಬೀದಿಯಲ್ಲಿ ಸಿಕ್ಕಿಕೊಳ್ಳುತ್ತವೆ. ನಿನ್ನೆಯವರೆಗೆ ಟೀ ಅಂತಿದ್ದ ಬೋರ್ಡು ಕಾಫಿ ಶಾಪ್ ಆಗುತ್ತದೆ. ಭಾನುವಾರ ಸಂಜೆ ಎಲ್ಲಾ ಮಡಿಸಿ ಒಳಗಿಡುತ್ತಾರೆ.

ಅಲ್ಲಿ ಬಾಡಿಗೆಗೆ ಮನೆ ಸಿಗುವುದು ಸುಲಭವಲ್ಲ. ಎರಡು ದಿನದ ಗಿರಾಕಿ ಕೊಡುವುದನ್ನು ನಾನು ತಿಂಗಳಿಗೆ ಕೊಡುವವನು. ಐದಾರು ಬಾಗಿಲು ತಟ್ಟಿದ ಮೇಲೆ ಸೆಲ್ವಿ ಅಕ್ಕ ಸಿಕ್ಕರು. ಐವತ್ತೈದರ ವಿಧವೆ, ಗಂಡ ದೋಣಿ ದುಡಿದು ಕಟ್ಟಿಸಿದ ಎರಡು ಮನೆ. ಒಂದರಲ್ಲಿ ತಾವು, ಇನ್ನೊಂದು ಬಾಡಿಗೆಗೆ. ಬಾಡಿಗೆ ಮನೆಯ ಹಿತ್ತಲಿನಲ್ಲಿ ಗಂಡನ ಹಳೆ ಬಲೆಗಳನ್ನು ತುಂಬಿದ ಒಂದು ಕೊಟ್ಟಿಗೆ. ಅವರು ಆಡುವುದು ತಮಿಳು. ನಾವು ಹೊಸೂರು ಕಡೆಯವರಿಗೆ ತಮಿಳು, ತೆಲುಗು, ಕನ್ನಡ ಮೂರೂ ಒಂದೇ ತಟ್ಟೆಯ ಊಟವಾದ್ದರಿಂದ ಅವರ ಮಾತನ್ನೂ ನಮ್ಮೂರ ಕನ್ನಡದಲ್ಲೇ ಬರೆಯುತ್ತೇನೆ. ತಂಬಿ ಅನ್ನುವುದೊಂದನ್ನು ಮಾತ್ರ ಹಾಗೇ ಬಿಡುತ್ತೇನೆ, ಅವರು ತಮ್ಮ ಅನ್ನುವುದು ಹಾಗೆ.

"ನೋಡು ತಂಬಿ, ಸೋಮವಾರದಿಂದ ಶುಕ್ರವಾರ ಮನೆ ನಿಂದು. ಶುಕ್ರವಾರ ಸಂಜೆ ನಿನ್ ಸಾಮಾನು ಎತ್ಕಂಡು ಬಲೆ ಕೊಟ್ಟಿಗೆಗೆ ಹೋಗ್ಬುಡು. ಭಾನುವಾರ ಸಂಜೆ ವಾಪಸ್ ಬಾ. ಬಾಡಿಗೆ ಕಮ್ಮಿ ಮಾಡ್ತೀನಿ. ಆಗ್ತದಾ?"

ಆಗುತ್ತದೋ ಇಲ್ಲವೋ ಯೋಚನೆ ಮಾಡುವ ಮುಂಚೆ ತಲೆ ಕೆಲಸ ಮುಗಿಸಿತ್ತು. ಮರದ ಮೀನು ಕಟ್ಟಿದ ಬೀಗದ ಕೈ ಜೇಬಿಗೆ ಬಂತು.

ಒಂಟಿ ಗಂಡಸಿಗೆ ಅದೇನೂ ಕಷ್ಟವಾಗಲಿಲ್ಲ. ಒಂದು ಟ್ರಂಕು, ಒಂದು ಚಾಪೆ. ಬಲೆಗಳ ಮೇಲೆ ಮಲಗಿದರೆ ಮೊದಲ ವಾರ ಮೀನು ವಾಸನೆ ಮೂಗಿಗೆ, ಎರಡನೇ ವಾರ ಅಂಗಿಗೆ, ಮೂರನೇ ವಾರದಿಂದ ವಾಸನೆಯೇ ಇಲ್ಲ. ಟೀ ಅಂಗಡಿಯಲ್ಲಿ ಬೆಕ್ಕು ಮಾತ್ರ ನನ್ನ ಪಕ್ಕದಲ್ಲೇ ಕೂರುತ್ತಿತ್ತು.

ನಿಜವಾದ ಕಷ್ಟ ಬಿಸಿನೀರಿನದಾಗಿತ್ತು. ನಮ್ಮ ಕಡೆ ಚಳಿಯ ಸೀಮೆ. ಚಿಕ್ಕಂದಿನಲ್ಲಿ ಬೆಳಿಗ್ಗೆ ಎದ್ದ ಕೂಡಲೇ ನಾವು ಮಕ್ಕಳೆಲ್ಲಾ ಬಚ್ಚಲ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಬೆನ್ನಿಗೆ ಬೆನ್ನು ಒರಗಿಸಿ, ಹಂಡೆಯ ನೀರು ಗುಯ್ ಅನ್ನುವವರೆಗೆ ಹಲ್ಲುಜ್ಜುತ್ತಿದ್ದೆವು. ಮಧ್ಯಾಹ್ನದ ಶಾಲೆಗೂ ಮೈಯಲ್ಲಿ ಹೊಗೆ ವಾಸನೆ ಇರುತ್ತಿತ್ತು. ಆ ಅಭ್ಯಾಸದಲ್ಲಿ ನಾನು ಸಮುದ್ರದ ಊರಿನಲ್ಲೂ ಮೊದಲ ದಿನ ಹಿತ್ತಲಿನಲ್ಲಿ ಮೂರು ಕಲ್ಲು ಇಟ್ಟು ನೀರು ಕಾಯಿಸಿದೆ. ಮೇ ತಿಂಗಳು. ಸೆಲ್ವಿ ಅಕ್ಕ ಓಡಿ ಬಂದು, "ಯಾರಿಗೆ ಹೆರಿಗೆ ತಂಬಿ?" ಅಂದರು.

ಇನ್ನು ರತ್ನನ ವಿಚಾರಕ್ಕೆ ಬರಬೇಕು. ಇಲ್ಲಿಂದಾಚೆಗೆ ನನ್ನ ಮರ್ಯಾದೆ ಇನ್ನೂ ಇಳಿಯುತ್ತದೆ.

ಮತ್ತಿಗಿರಿಯಲ್ಲಿ ನಮ್ಮದು ಒಟ್ಟು ಮನೆ. ಮೂರು ಜನ ಅಣ್ಣತಮ್ಮಂದಿರು, ಮೂರು ಸೊಸೆಯರು, ಒಂದು ಅಡುಗೆಮನೆ. ರತ್ನ ಕಿರಿ ಸೊಸೆ. ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನವಾದರೂ ಸಾರಿಗೆ ಉಪ್ಪೆಷ್ಟು ಹಾಕಬೇಕು ಅಂತ ತೀರ್ಮಾನ ಮಾಡಿದವಳು ಅವಳಲ್ಲ. ಮುದ್ದೆ ತೊಳಸುವುದು ಅವಳು, ಎಷ್ಟು ಮುದ್ದೆ ಅನ್ನುವುದು ದೊಡ್ಡತ್ತಿಗೆ. ಮಗಳ ಮದುವೆ ಮುಗಿದ ದಿನ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಾ ನನಗೆ ಒಂದೇ ಮಾತು ಹೇಳಿದ್ದಳು: "ಮಾವ, ಸಾಯೋದ್ರೊಳ್ಗೆ ಒಂದ್ ಒಲೆ ನಂದೂ ಅಂತ ಇರ್ಬೇಕು." ತಲೆ ಆಡಿಸಿದ್ದೆ.

ನಾನು ಕಡಲ ದಂಡೆಗೆ ಬಂದ ಮೇಲೆ ದಿನಾ ಫೋನು. "ಮನೆ ಹೆಂಗೈತೆ ಮಾವ?" ಅಂತ. "ಭಾರಿ ಐತೆ" ಅಂತ ನಾನು. ಒಂದು ದಿನ "ಪಟ ಕಳ್ಸು" ಅಂದಳು. ನಾನು ಶನಿವಾರ ಕಿಟಕಿಯಿಂದ ತೆಗೆದು ಕಳಿಸಿದೆ. ಶನಿವಾರ ಅಂದರೆ, ಸೆಲ್ವಿ ಅಕ್ಕ ಗಿರಾಕಿಗಳಿಗಾಗಿ ಬಿಳೀ ಹಾಸು ಹಾಸಿ, ಕವಡೆ ಸರದ ಪರದೆ ಕಟ್ಟಿ, ಗಾಜಿನ ಲೋಟದಲ್ಲಿ ಹೂ ಇಟ್ಟಿರುವ ದಿನ. ವಾರದ ದಿನಗಳಲ್ಲಿ ಆ ಮನೆಯಲ್ಲಿ ಇರುತ್ತಿದ್ದದ್ದು ನಾನು, ನನ್ನ ಟ್ರಂಕು, ಒಂದು ಹಲ್ಲಿ. ಸಂಜೆಗೆ ನಮ್ಮ ದೊಡ್ಡಣ್ಣನ ಫೋನು ಬಂತು:

"ಏನ್ಲಾ, ಅರಮನೆ ಮಾಡ್ಬುಟ್ಟಿದ್ದೀಯಂತೆ? ಮನೆ ಹೆಂಗಸ್ರೆಲ್ಲಾ ನಿನ್ ಪಟಾನೇ ನೋಡ್ತಾವ್ರೆ. ನಂಗೆ ಕಾಪಿ ಕೊಡೋರಿಲ್ಲ ಕಣ್ಲಾ."

ಮುಂದಿನ ವಾರವೇ ರತ್ನ ಹೊರಟು ನಿಂತಳು. ನಾನು ಜಾಣತನ ಮಾಡಿ, "ಸೋಮವಾರ ಬಾ, ಬಸ್ಸು ಖಾಲಿ ಇರ್ತಾವೆ" ಅಂದೆ. ನಾಲ್ಕು ದಿನ ಸಿಗುತ್ತದೆ, ಅಷ್ಟರಲ್ಲಿ ನಿಧಾನವಾಗಿ ಹೇಳಿಬಿಡೋಣ ಅಂತ.

ಬಸ್ಸಿನಿಂದ ಮೊದಲು ರಾಗಿ ಹಿಟ್ಟಿನ ಚೀಲ ಇಳಿಯಿತು, ಆಮೇಲೆ ಹುರುಳಿ, ಮುದ್ದೆ ಕೋಲು, ಮೊರ, ಒಂದು ತಾಮ್ರದ ಹಂಡೆ, ಕೊನೆಗೆ ರತ್ನ. ಸಮುದ್ರ ತೋರಿಸಲು ಕರೆದುಕೊಂಡು ಹೋದೆ. ಅವಳು ಮೊದಲ ಸಲ ನೋಡುತ್ತಿದ್ದದ್ದು. ಸೊಂಟದ ಮೇಲೆ ಕೈಯಿಟ್ಟು ಬಹಳ ಹೊತ್ತು ನೋಡಿದಳು.

"ಯಾಕಿಂಗೆ ಅರಚ್ತೈತೆ ಮಾವ? ಯಾರೂ ಏನೂ ಅಂದಿಲ್ವಲ್ಲ."

"ಅದು ಅಂಗೇ ಕಣೇ."

"ನಮ್ ದೊಡ್ ವಾರ್ಗಿತ್ತಿ ಇದ್ದಂಗೈತೆ." ಅಷ್ಟು ಹೇಳಿ, ಮನೆ ನೋಡೋಣ ನಡಿ ಅಂದಳು.

ಕವಡೆ ಪರದೆ ಎಲ್ಲಿ ಅಂತ ಕೇಳಿದಳು. "ಒಗೆಯಾಕ್ ಕೊಟ್ಟೀವಿ" ಅಂದೆ. ಹಲ್ಲಿಯ ಬಗ್ಗೆ ಕೇಳಲಿಲ್ಲ. ಅಡುಗೆಮನೆಯ ಕಟ್ಟೆಯನ್ನು ಮೂರು ಸಲ ತೊಳೆದಳು. ಅಂಗೈಯಲ್ಲಿ ಸವರಿ ನೋಡಿದಳು. ಆಮೇಲೆ ಹೇಳಿದಳು: "ಶುಕ್ರವಾರ ದಿನ ಚೆನ್ನಾಗೈತೆ. ಅವತ್ತು ಹಾಲು ಉಕ್ಸಿ ಒಲೆ ಹಚ್ತೀನಿ. ಅಲ್ಲಿಗಂಟ ಹೊರಗೆ ಮೂರ್ ಕಲ್ಲಿಟ್ಟು ಬೇಯ್ಸಾನ."

ಶುಕ್ರವಾರ! ವಾರದಲ್ಲಿ ಏಳು ದಿನ ಇರುವಾಗ ನಮ್ಮ ಹಿರಿಯರು ಹೊಸ ಒಲೆಗೆ ಶುಕ್ರವಾರವನ್ನೇ ಯಾಕೆ ಹುಡುಕಿಟ್ಟರೋ. ಮಂಗಳವಾರ ಹೇಳೋಣ ಅಂದುಕೊಂಡೆ, ಅವಳು ಒಲೆಗೆ ಸುಣ್ಣದ ಗೆರೆ ಎಳೆಯುತ್ತಿದ್ದಳು. ಬುಧವಾರ ಹೇಳೋಣ ಅಂದುಕೊಂಡೆ, ಬಾಗಿಲಿಗೆ ಮಾವಿನ ಸೊಪ್ಪು ಎಲ್ಲಿ ಸಿಗುತ್ತದೆ ಅಂತ ನಾಲ್ಕು ಬೀದಿ ಸುತ್ತಿ ಬಂದಿದ್ದಳು. ಗುರುವಾರ ಬಾಯಿ ತೆಗೆದೆ. "ಏನೋ ಯೋಳಾಕ್ ಬಂದಂಗಿತ್ತು?" ಅಂದಳು. "ಹಾಲು ಎಷ್ಟ್ ತರ್ಲಿ?" ಅಂದೆ.

ಶುಕ್ರವಾರ ಬೆಳಿಗ್ಗೆ ಹಾಲು ಉಕ್ಕಿ ಮೂಡಲ ಕಡೆಗೇ ಚೆಲ್ಲಿತು. ಒಳ್ಳೆಯ ಶಕುನ. ರತ್ನ ಸೆರಗಲ್ಲಿ ಕಣ್ಣೊರೆಸಿಕೊಂಡಳು, ನಾನೂ ಒರೆಸಿಕೊಂಡೆ. ಇಬ್ಬರ ಕಾರಣ ಬೇರೆ ಬೇರೆ.

ಸಂಜೆ ನಾಲ್ಕಕ್ಕೆ ಸೆಲ್ವಿ ಅಕ್ಕ ಬಿಳೀ ಹಾಸು, ಕವಡೆ ಪರದೆ, ಹೂವು ಹಿಡಿದು ಬಂದರು. ರತ್ನ ಅದನ್ನು ಗೃಹಪ್ರವೇಶದ ಉಡುಗೊರೆ ಅಂದುಕೊಂಡಳು! ಮುಖ ಅರಳಿಸಿ ಒಳಗೆ ಕರೆದು, ಎಲೆ ಅಡಿಕೆ, ರವಿಕೆ ಕಣ ಇಟ್ಟು ನಮಸ್ಕಾರ ಮಾಡಿದಳು. ಸೆಲ್ವಿ ಅಕ್ಕ ಗಾಬರಿಯಾಗಿ ರವಿಕೆ ಕಣ ಹಿಡಿದುಕೊಂಡೇ ನನ್ನ ಕಡೆ ತಿರುಗಿದರು.

"ಐದಕ್ಕೆ ಗಿರಾಕಿ ಬರ್ತವ್ರೆ. ಸಾಮಾನು ಇನ್ನೂ ಕೊಟ್ಟಿಗೆಗೆ ಹಾಕಿಲ್ವಾ ತಂಬಿ?"

ರತ್ನನಿಗೆ ತಮಿಳು ನನಗಿಂತ ಚೆನ್ನಾಗಿ ಬರುತ್ತದೆ. ಅದು ಆ ದಿನ ನನ್ನ ದುರದೃಷ್ಟ. ಅವಳು ನನ್ನನ್ನು ನೋಡಿದಳು. ನಾನು ಹಲ್ಲಿಯನ್ನು ನೋಡಿದೆ.

"ಮಾವ. ಏನಿದು?"

"ಎರಡೇ ದಿನ ಕಣೇ. ವಾರಕ್ಕೆ."

"ಪ್ರತೀ ವಾರ?"

ತಲೆ ಆಡಿತು. ಆ ಒಂದು ಸಲ ಅದು ಸತ್ಯಕ್ಕೆ ಆಡಿದ್ದು.

ಅವಳು ಕೂಗಾಡಲಿಲ್ಲ. ಕೂಗಿದ್ದರೆ ಚೆನ್ನಾಗಿರುತ್ತಿತ್ತು. ಒಲೆಯ ಮೇಲಿದ್ದ ಹಾಲಿನ ಪಾತ್ರೆ ಇಳಿಸಿ, ಹಿಟ್ಟಿನ ಚೀಲ ಕಂಕುಳಿಗೆ ಇಟ್ಟುಕೊಂಡು ಬಲೆ ಕೊಟ್ಟಿಗೆಗೆ ನಡೆದಳು. ಬಾಗಿಲಲ್ಲಿ ನಿಂತು, "ಭಾನುವಾರ ಬಸ್ಸಿಗೆ ಹತ್ತುಸ್ಬುಡು. ಅಲ್ಲಿ ಮೂರ್ ಜನದ ಒಲೆ. ಇಲ್ಲಿ ಊರೋರ ಒಲೆ" ಅಂದಳು.

ಅವತ್ತು ಬಂದ ಗಿರಾಕಿಗಳು ಮಾಲೂರು ಕಡೆಯ ಟೊಮೇಟೊ ಮಂಡಿಯ ಯಜಮಾನರು, ಅವರ ಹೆಂಡತಿ. ಮಾರನೇ ದಿನ ಶನಿವಾರ. ಶನಿವಾರ ತಿಮ್ಮಪ್ಪನ ವಾರ, ನಮ್ಮ ಕಡೆ ಬಹಳ ಜನ ಮೀನು ಮಾಂಸ ಮುಟ್ಟುವುದಿಲ್ಲ. ಅವರೂ ಹಾಗೆಯೇ. ಆ ಊರಿನಲ್ಲೋ ಶನಿವಾರ ಟೀಗೆ ಮಾತ್ರ ಮೀನು ಹಾಕುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಆ ದಂಪತಿ ಬನ್ನು ತಿನ್ನುತ್ತಾ ಜಗಲಿಯಲ್ಲಿ ಕೂತಿದ್ದರು. ಇತ್ತ ಕೊಟ್ಟಿಗೆಯ ಮುಂದೆ ರತ್ನ ಹುಳ್ಳಿ ಸಾರಿಗೆ ಒಗ್ಗರಣೆ ಹಾಕಿದಳು, ಮುದ್ದೆ ಕಟ್ಟಿದಳು. ತಟ್ಟೆ ಮುಂದಿಟ್ಟುಕೊಂಡವಳು ಕೈ ಹಾಕಲಿಲ್ಲ. ಹಿಂದಿನ ಸಂಜೆಯಿಂದ ಮೊದಲ ಸಲ ನನ್ನೊಡನೆ ಮಾತಾಡಿದಳು.

"ಒಳಗಿರೋರು ಉಂಡ್ರಾ ಕೇಳು."

"ಅವ್ರು ಗಿರಾಕಿಗಳು ಕಣೇ. ಅವ್ರ ಪಾಡು ಅವ್ರದು."

"ನಾನ್ ಹಾಲುಕ್ಸಿದ್ ಮನೇಲಿ ಯಾರಾನಾ ಹಸ್ಕಂಡಿದ್ರೆ ನಂಗೆ ತುತ್ತು ಇಳಿಯಾಕಿಲ್ಲ. ಊರ್ಗೆಲ್ಲಾ ಹೂಂ ಅಂತೀಯ. ನಂಗೊಂದ್ ಹೂಂ ಅನ್ನಾಕೇನು?"

ಹೋಗಿ ಕೇಳಿದೆ. ಮಾಲೂರಿನ ಅಮ್ಮ ಅರ್ಧ ಬನ್ನು ಅಲ್ಲೇ ಬಿಟ್ಟು ಎದ್ದರು. "ಆವಾಗ್ಲಿಂದ ಹುಳ್ಳಿ ವಾಸ್ನೆ ಬತ್ತಾ ಇತ್ತು, ನಂಗೇ ಬುದ್ಧಿ ಕೆಟ್ಟೈತೆ ಅಂದ್ಕಂಡಿದ್ದೆ!" ನಾಲ್ಕೂ ಜನ ಬಲೆಗಳ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಉಂಡೆವು. ಯಜಮಾನರು ಮೂರು ಮುದ್ದೆ ನುಂಗಿ, ಎದ್ದೇಳಲು ನನ್ನ ಭುಜ ಹಿಡಿದರು. ಭಾನುವಾರ ಹೊರಡುವಾಗ ಆ ಅಮ್ಮ ರತ್ನನ ಕೈಗೆ ಹೂ ಕೊಟ್ಟು, "ನಿಮ್ಮನೇಗ್ ಬಂದು ಉಂಡಂಗಾಯ್ತು ಕಣಕ್ಕ" ಅಂದರು.

ನಿಮ್ಮನೆ ಅನ್ನುವ ಮಾತು ರತ್ನನ ಮುಖದಲ್ಲಿ ಏನೋ ಮಾಡಿತು. ಬಸ್ಸಿನ ಹೊತ್ತಾಯಿತು, ಅವಳು ಎದ್ದೇಳಲಿಲ್ಲ. ಮನೆಗೆ ವಾಪಸ್ ಹೋದ ಮೇಲೆ ಮತ್ತೆ ಕಟ್ಟೆ ತೊಳೆದು ಹೇಳಿದಳು:

"ಮುಂದಿನ್ ಶುಕ್ರವಾರಗಂಟ ಇರ್ತೀನಿ. ಅವತ್ತು ಈ ಬಾಗ್ಲು ಬ್ಯಾರೆಯೋರ್ಗೆ ತೆಗುದ್ರೆ ಗಂಟೆತ್ಕಂಡ್ ಹೋಯ್ತೀನಿ. ಮತ್ತೆ ಬರಾಕಿಲ್ಲ. ಆ ಅಕ್ಕನ್ಗೆ ನೀನೇ ಯೋಳ್ಬೇಕು. ಒಪ್ಕಂಡೋನು ನೀನು, ನಾನ್ ಯಾಕ್ ಯೋಳ್ಲಿ?"

ಐದು ದಿನ ಇತ್ತು. ಒಂದು ಮಾತು ಹೇಳಲು ಐದು ದಿನ ಸಾಲದೇ ಹೋಗುತ್ತದೆಯೇ ಅಂತ ನೀವು ಕೇಳಬಹುದು.

ಸೋಮವಾರ ಸೆಲ್ವಿ ಅಕ್ಕನ ಮನೆಗೆ ಹೋದೆ. "ಬಾ ತಂಬಿ, ದೇವ್ರು ಕಳ್ಸಿದಂಗೆ ಬಂದೆ, ಮಿಕ್ಸಿ ಕೆಟ್ಟೈತೆ" ಅಂದರು. ಮಿಕ್ಸಿ ರಿಪೇರಿ ಮಾಡಿ ಬಂದೆ. ಮಂಗಳವಾರ ಹೋದೆ, ಒಂದು ಪಾತ್ರೆ ಮೀನು ಸಾರು ಕೊಟ್ಟು ಕಳಿಸಿದರು. ಬಿಸಿ ಪಾತ್ರೆ ಕೈಯಲ್ಲಿ ಹಿಡಿದುಕೊಂಡು ಯಾರಿಗಾದರೂ ಖಡಾಖಂಡಿತವಾಗಿ ಮಾತಾಡಲು ಆಗುತ್ತದೆಯೇ? ಬುಧವಾರ ದಾರಿಯಲ್ಲೇ ಗಟ್ಟಿಯಾಗಿ ಅಭ್ಯಾಸ ಮಾಡಿಕೊಂಡು ಹೋದೆ. ಎದುರಿಗೆ ಬಂದ ಐಸ್ ಗಾಡಿಯವನು, ತನಗೇ ಬೈದೆ ಅಂದುಕೊಂಡು ಗಾಡಿ ಪಕ್ಕಕ್ಕೆ ಎಳೆದ. ಸೆಲ್ವಿ ಅಕ್ಕ ಬಾಗಿಲಲ್ಲೇ ಸಿಕ್ಕರು.

"ತಂಬಿ, ಮುಂದಿನ್ ವಾರ ಸೇರ್ಕಂಡಂಗೆ ನಾಕು ದಿನ ರಜಾ. ನಾಕು ದಿನಾನೂ ಕೊಟ್ಟಿಗೇಲಿ ಇರ್ತೀಯಾ?"

ತಲೆ ಆಡಿತು, ಸ್ವಾಮಿ! ಎರಡು ದಿನ ಬಿಡಿಸಿಕೊಂಡು ಬರಲು ಹೋದವನು ನಾಲ್ಕು ದಿನ ಕೊಟ್ಟು ಬಂದೆ. ರತ್ನ ಏನಾಯಿತು ಅಂತ ಕೇಳಿದಳು. "ಮಾತುಕತೆ ನಡೀತೈತೆ" ಅಂದೆ. ಅವಳು ಅವತ್ತೇ ಸೀರೆಗಳನ್ನು ಮಡಿಸಲು ಶುರು ಮಾಡಿದಳು.

ಶುಕ್ರವಾರ ಬಂತು. ರತ್ನ ಹೊಸಲಿನ ಮೇಲೆ ಕೂತು ಮೊರದಲ್ಲಿ ಹುರುಳಿ ಕೇರುತ್ತಿದ್ದಳು, ಪಕ್ಕದಲ್ಲಿ ಕಟ್ಟಿಟ್ಟ ಗಂಟು. ಸೆಲ್ವಿ ಅಕ್ಕ ಹೆಗಲ ಮೇಲೆ ಹಾಸು ಹೊತ್ತು ಬಂದರು. ಅವರ ಹಿಂದೆಯೇ ಕಾರು, ಅದರಿಂದ ಇಳಿದ ನಾಲ್ಕು ಜನ ಟೋಪಿಯವರು. ಎಲ್ಲರೂ ಹೊಸಲು ನೋಡಿದರು, ಆಮೇಲೆ ನನ್ನನ್ನು ನೋಡಿದರು.

"ಏನ್ ತಂಬಿ, ಖಾಲಿ ಮಾಡಿಲ್ವಾ?"

"ಅಕ್ಕಾ, ಅದು..." ಅಂದೆ. "ಈವತ್ತು ಗಾಳಿ ಜಾಸ್ತಿ ಐತೆ."

ರತ್ನ ಮೊರ ಕೆಳಗಿಟ್ಟಳು. ಎದ್ದು, ಸೀರೆ ಕೊಡವಿ, ಗಂಟನ್ನು ಸೊಂಟಕ್ಕೆ ಇಟ್ಟುಕೊಂಡಳು.

"ಮಾವ, ಬಸ್ಸು ಎಷ್ಟೊತ್ಗೆ?"

ನನಗೆ ಇಷ್ಟು ವರ್ಷ ಯಾರೂ ಇಂಥ ಪ್ರಶ್ನೆ ಕೇಳಿರಲಿಲ್ಲ. ಇದಕ್ಕೆ ತಲೆ ಆಡಿಸಿದರೆ ಉತ್ತರವಾಗುವುದಿಲ್ಲ. ಬಾಯಲ್ಲೇ ಏನಾದರೂ ಹೇಳಬೇಕು. ಅವಳ ಸೊಂಟದ ಮೇಲಿನ ಗಂಟಿನಿಂದ ಮುದ್ದೆ ಕೋಲಿನ ತುದಿ ಹೊರಗೆ ಕಾಣುತ್ತಿತ್ತು.

"ಇಲ್ಲ" ಅಂದೆ.

"ಬಸ್ಸಿಲ್ವಾ?"

"ಬಸ್ಸೈತೆ. ನೀನು ಹೋಗಂಗಿಲ್ಲ. ಅಕ್ಕಾ, ಮನೆ ಕೊಡಂಗಿಲ್ಲ. ಈವತ್ತೂ ಇಲ್ಲ, ನಾಳೇನೂ ಇಲ್ಲ. ರಜಾಕ್ಕೂ ಇಲ್ಲ. ಏಳು ದಿನದ ಬಾಡಿಗೆ ಕೊಡ್ತೀನಿ, ಏಳು ದಿನಾನೂ ಇವ್ಳೇ ಒಲೆ ಹಚ್ತಾಳೆ."

ಕನ್ನಡದಲ್ಲಿ ಶುರು ಮಾಡಿ, ತೆಲುಗಿನಲ್ಲಿ ಹಾದು, ತಮಿಳಿನಲ್ಲಿ ಮುಗಿಸಿದೆನಂತೆ. ರತ್ನ ಆಮೇಲೆ ಹೇಳಿದ್ದು. ಒಂದು ಸಲ ಬಾಯಿಗೆ ರುಚಿ ಹತ್ತಿದ ಮೇಲೆ ನಿಲ್ಲಿಸಲು ಬರಲಿಲ್ಲ. ಟೋಪಿಯವರಲ್ಲಿ ಒಬ್ಬ, "ಅಂಕಲ್, ಇಲ್ಲಿ ಬಾತ್‌ರೂಮ್ ಇದೆಯಾ?" ಅಂದ. "ಇಲ್ಲ!" ಅಂದೆ. ಐಸ್ ಗಾಡಿಯವನು ಗಂಟೆ ಬಾರಿಸುತ್ತಾ ಬಂದ. ಅವನು ಬಾಯಿ ತೆಗೆಯುವ ಮುಂಚೆಯೇ "ಬ್ಯಾಡ!" ಅಂದೆ. ಸೆಲ್ವಿ ಅಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಮನೆ ಹೋಯಿತು ಅಂದುಕೊಂಡೆ.

"ಇದ್ನ ಮೊದ್ಲೇ ಯೋಳಾಕೆ ನಿಂಗೇನಾಗಿತ್ತು? ಆರು ತಿಂಗ್ಳು ಬಲೆ ಮೇಲೆ ಮಲಗ್ದೆ, ಒಂದ್ ದಿನಾನಾದ್ರೂ ಕಷ್ಟ ಅಂದ್ಯಾ? ಈ ಮನುಷ್ಯನ್ಗೆ ಮೀನು ವಾಸ್ನೆ ಅಂದ್ರೆ ಪ್ರಾಣ ಅಂದ್ಕಂಡಿದ್ದೆ ನಾನು!" ಆಮೇಲೆ ರತ್ನನ ಕಡೆ ತಿರುಗಿ, "ಒಳ್ಗಿಡಮ್ಮ ಗಂಟ್ನ. ಸಂಸಾರ ಮಾಡಾಕೆ ಇಲ್ಲೇ ಇರ್ತಾಳೆ ಅಂತ ಇವ್ನು ಯೋಳಿದ್ರೆ ನಾನ್ ಹಾಸು ಹೊತ್ಕಂಡ್ ಬರ್ತಿದ್ನಾ?" ಅಂದರು.

ಆರು ತಿಂಗಳು ನಾನು ಹೆದರಿಕೊಂಡಿದ್ದದ್ದು ಇಷ್ಟಕ್ಕೆ. ಯಾರೂ ನನಗೆ ಆಗಲ್ಲ ಅಂದಿರಲಿಲ್ಲ, ನಾನು ಕೇಳಿಯೇ ಇರಲಿಲ್ಲ.

ಆದರೆ ಟೋಪಿಯವರು ಬೀದಿಯಲ್ಲಿ ನಿಂತಿದ್ದರಲ್ಲ. ಅವರ ಮುಂಗಡವನ್ನು ಸೆಲ್ವಿ ಅಕ್ಕ ಆಗಲೇ ತೆಗೆದುಕೊಂಡಿದ್ದರು. ಕ್ಷಣ ಯೋಚಿಸಿ, ಅವರನ್ನು ತಮ್ಮ ಸ್ವಂತ ಮನೆಗೇ ಕರೆದುಕೊಂಡು ಹೋದರು. ಅರ್ಧ ಗಂಟೆಯಲ್ಲಿ ತಲೆದಿಂಬು, ನೀರಿನ ಚೊಂಬು ಹಿಡಿದು ನಮ್ಮ ಹಿತ್ತಲಿಗೆ ಬಂದರು. ರತ್ನ ಅಡುಗೆಮನೆಯ ಕಿಟಕಿಯಿಂದ ನೋಡಿದಳು.

"ಎಲ್ಗಕ್ಕ?"

"ಕೊಟ್ಟಿಗೆಗೆ. ನನ್ ಗಂಡನ್ ಬಲೆ ತಾನೆ, ಕಚ್ಚಾಕಿಲ್ಲ."

"ನಮ್ಮನೆ ಇರೋವಾಗ ನೀನ್ಯಾಕ್ ಬಲೆ ಮೇಲೆ ಮಲಗ್ತೀಯಾ? ಬಾ ಒಳಿಕೆ. ಹಿಟ್ಟಿಗೆ ಎಸರಿಟ್ಟೀನಿ."

ನಮ್ಮನೆ ಅಂತ ಅವಳು ಬೀದಿಗೆ ಕೇಳುವ ಹಾಗೆ ಹೇಳಿದಳು. ಆಮೇಲೆ ಸೆಲ್ವಿ ಅಕ್ಕನ ತಲೆದಿಂಬನ್ನು ನೋಡಿದಳು, ನಮ್ಮ ಮನೆಯ ಎರಡು ಸಣ್ಣ ಕೋಣೆಗಳನ್ನು ನೋಡಿದಳು, ನನ್ನನ್ನು ನೋಡಿದಳು. ಬಾಯಲ್ಲಿ ಏನೂ ಕೇಳಲಿಲ್ಲ. ನನ್ನ ತಲೆ ಆಡಿತು.

ಈಗ ವರ್ಷವಾಯಿತು. ಪ್ರತಿ ಶುಕ್ರವಾರ ಸೆಲ್ವಿ ಅಕ್ಕ ತಮ್ಮ ಮನೆಯನ್ನು ಗಿರಾಕಿಗಳಿಗೆ ಕೊಟ್ಟು ನಮ್ಮ ಮನೆಗೆ ನೆಂಟರಾಗಿ ಬರುತ್ತಾರೆ. ಶನಿವಾರ ಹುಳ್ಳಿ ಸಾರು ಬೇಡ, ಬಸ್ಸಾರು ಮಾಡು ಅಂತ ಕೇಳಿದರೆ ರತ್ನ "ನನ್ ಒಲೆ, ನನ್ ಇಷ್ಟ" ಅನ್ನುತ್ತಾಳೆ. ಉಪ್ಪು ಕೆಲವು ಸಲ ಹೆಚ್ಚಾಗಿರುತ್ತದೆ. ನಾವಿಬ್ಬರೂ ಸುಮ್ಮನೆ ಉಣ್ಣುತ್ತೇವೆ. ಅವಳಿಗೆ ಮನೆ ಏಳು ದಿನದ್ದಾಯಿತು. ಏಳು ದಿನದ ಬಾಡಿಗೆ ಕೊಡುವ ನನಗೆ ಮಾತ್ರ ಈಗಲೂ ಐದೇ ದಿನ.

ಇದನ್ನು ಟೈಪ್ ಮಾಡುತ್ತಿರುವುದು ಶನಿವಾರ ಮಧ್ಯಾಹ್ನ, ಬಲೆಗಳ ಮೇಲೆ ಕೂತು. ಬಾಡಿಗೆ ಮನೆಯಲ್ಲಿ ನಿಮಗೂ ಇಂಥದ್ದು ಆಗಿದ್ದರೆ ನಾಚಿಕೊಳ್ಳದೆ ಬರೆಯಿರಿ. ಮುಖ್ಯವಾಗಿ ಗಂಡಸರು, ಮನೆ ಹೆಂಡತಿಯ ಕೈಗೆ ಪೂರ್ತಿ ಬಂದ ಮೇಲೆ ನೀವು ಎಲ್ಲಿ ಮಲಗುತ್ತೀರಿ ಅನ್ನುವುದನ್ನು ತಿಳಿಸಿ. ಜಾಗ ಇಲ್ಲದವರು ಇತ್ತ ಬಂದರೆ ಒಬ್ಬರಿಗೆ ಸ್ಥಳ ಇದೆ. ಮೀನು ವಾಸನೆ ಮೂರು ವಾರದಲ್ಲಿ ಹೋಗುತ್ತದೆ.